ಪ್ಲಾಸ್ಟಿಕ್ ಟ್ರ್ಯಾಕಿನ ಮೇಲೆ ಟೈರು ಜಾರದಂತೆ: ನನ್ನ ಅನುಭವ

ಟ್ರ್ಯಾಕಿನ ಸೀಳಿನಲ್ಲಿ (ಸ್ಲಾಟ್) ಸಿಕ್ಕಿಕೊಂಡು ವಿದ್ಯುತ್ತಿನಿಂದ ಓಡುವ ಆಟಿಕೆ ಕಾರುಗಳೇ ಸ್ಲಾಟ್ ಕಾರುಗಳು. 1:32 ಅಳತೆಯ (ಅಸಲಿ ಕಾರಿನ ಮೂವತ್ತೆರಡರಲ್ಲೊಂದು ಅಳತೆಯ) ಇಂಥ ಕಾರುಗಳ ತಳದಲ್ಲಿ ತಯಾರಕರೇ ಕೂರಿಸಿರುವ ಅಯಸ್ಕಾಂತವು ಟ್ರ್ಯಾಕಿನ ಲೋಹದ ಹಳಿಗಳ ಕಡೆಗೆ ಕಾರನ್ನು ಸದಾ ಎಳೆದಿಟ್ಟಿರುತ್ತದೆ. ಆದರೆ ತಿರುವಿನಲ್ಲಿ ಹಿಂಬದಿ ತುಸು ಜಾರಿ ಹಳಿಯಿಂದ ದೂರ ಸರಿದೊಡನೆ ಆ ಸೆಳೆತ ಥಟ್ಟನೆ ತಪ್ಪಿ, ಕಾರು ಯಾವ ಮುನ್ಸೂಚನೆಯೂ ಇಲ್ಲದೆ ಹೊರಕ್ಕೆ ಹಾರುತ್ತದೆ. ಟೈರಿನ ಹಿಡಿತ ಸಡಿಲವಾಗುವುದು ಮಾತ್ರ ಕಾರು ಜಾರುವುದನ್ನು ನೋಡಿದರೆ ಮೊದಲೇ ತಿಳಿಯುತ್ತದೆ. ಈ ಕಾರಣಕ್ಕೆ ನನ್ನ ಕಾರುಗಳ ಅಯಸ್ಕಾಂತ ತೆಗೆದು, ಹಿಡಿತವನ್ನು ಟೈರಿನಿಂದಲೇ ಪಡೆಯಲು ಹೊರಟೆ.

ದಾವಣಗೆರೆಯಲ್ಲಿ ಮೊದಲ ಎದುರಾಳಿ ಧೂಳು. ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರವಿರುವುದರಿಂದ, ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸಂಜೆಯ ಹೊತ್ತಿಗೆ ಕಪ್ಪು ಟ್ರ್ಯಾಕಿನ ಮೇಲೆ ಹೊಟ್ಟಿನ ಬೂದಿಯ ತೆಳುಪದರ ಕುಳಿತಿರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಅದು ಇನ್ನಷ್ಟು ಧೂಳನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಒರೆಸಿ, ಜಿಡ್ಡಿದ್ದ ಕಡೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುತ್ತೇನೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನನ್ನು ಮಾತ್ರ ಹತ್ತಿರ ತರಬಾರದು, ಅದು ಹಲವು ಬಗೆಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಹೆಚ್ಚಿನ ಲಾಭ ಸಿಕ್ಕಿದ್ದು ಟೈರನ್ನು ಉಜ್ಜಿ ದುಂಡಗೆ ಮಾಡಿದ್ದರಿಂದ. ಹೊಸ ಟೈರು ಕಣ್ಣಿಗೆ ದುಂಡಗೆ ಕಂಡರೂ ಅದರ ಪೂರ್ಣ ಅಗಲ ಟ್ರ್ಯಾಕಿಗೆ ತಾಗುವುದು ಅಪರೂಪ. ಮೊದಲು ಟೈರನ್ನು ಚಕ್ರಕ್ಕೆ ಅಂಟಿನಿಂದ ಭದ್ರಪಡಿಸಿ ಒಣಗಲು ಬಿಟ್ಟೆ. ಇಲ್ಲವಾದರೆ ವೇಗದಲ್ಲಿ ಅದು ಚಕ್ರದ ಮೇಲೆಯೇ ಸರಿಯುತ್ತದೆ. ಅನಂತರ 400 ಗ್ರಿಟ್ಟಿನ (ಸಂಖ್ಯೆ ಹೆಚ್ಚಿದಷ್ಟೂ ನಯ) ಉಪ್ಪುಕಾಗದದ ತುಂಡೊಂದನ್ನು ನೇರ ಟ್ರ್ಯಾಕಿನ ಮೇಲೆ ಹಿಂಚಕ್ರಗಳು ಬರುವ ಜಾಗದಲ್ಲಿ ಅಂಟಿಸಿ, ಕಾರಿನ ಮುಂಭಾಗವನ್ನು ಸ್ಲಾಟಿನಲ್ಲಿರಿಸಿ, ಕೈಯಿಂದ ಹಗುರವಾಗಿ ಹಿಡಿದು ಮೋಟಾರನ್ನು ನಿಧಾನ ವೇಗದಲ್ಲಿ ತಿರುಗಿಸಿದೆ. ಆರಂಭದಲ್ಲಿ ಟೈರಿನ ಒಂದು ಅಂಚಿನಲ್ಲಷ್ಟೇ ಮಾಸಲು ಪಟ್ಟಿ ಮೂಡಿ, ಉಳಿದ ಭಾಗ ಟೈರು ಎರಕಹೊಯ್ದ ಅಚ್ಚಿನಿಂದ ಬಂದ ಹೊಳಪಿನಲ್ಲೇ ಇತ್ತು. ಆ ಪಟ್ಟಿ ಹರಡುತ್ತ ಹರಡುತ್ತ ಇಡೀ ಅಗಲವನ್ನು ಆವರಿಸಿದ ಮೇಲೆ ಕಾಗದವನ್ನು 800ಕ್ಕೆ ಬದಲಿಸಿ, ಹೊರ ಅಂಚನ್ನು ಕೊಂಚ ದುಂಡಗೆ ಮಾಡಿದೆ. ಚೂಪಾದ ಅಂಚು ತಿರುವಿನಲ್ಲಿ ಕಚ್ಚಿಕೊಂಡು ಕಾರನ್ನು ಪಲ್ಟಿ ಹೊಡೆಸುತ್ತದೆ. ಒತ್ತಿ ಹಿಡಿದರೆ ರಬ್ಬರು ಬಿಸಿಯಾಗಿ ಕಿತ್ತುಬರುವುದರಿಂದ ಈ ಕೆಲಸಕ್ಕೆ ಸಹನೆ ಬೇಕು.

ಟೈರಿನ ವಸ್ತುವಿನ ಬಗ್ಗೆ ವಾದಗಳು ಬಹಳ. ಸಿಲಿಕೋನ್ ಟೈರು ಶುಭ್ರವಾದ ಪ್ಲಾಸ್ಟಿಕ್ಕಿನ ಮೇಲೆ ಅದ್ಭುತವಾಗಿ ಹಿಡಿಯುತ್ತದೆಯಾದರೂ ಧೂಳು ಮೆತ್ತಿಕೊಂಡರೆ ಅಷ್ಟೇ ಬೇಗ ಜಾರತೊಡಗುತ್ತದೆ. ಯುರೆಥೇನ್ ಎಂಬ ಕೃತಕ ವಸ್ತುವಿನ ಟೈರನ್ನು ರಬ್ಬರಿನಂತೆಯೇ ಉಜ್ಜಬಹುದು, ಧೂಳನ್ನೂ ಸ್ವಲ್ಪ ಸಹಿಸುತ್ತದೆ. ನಮ್ಮ ಊರಿಗೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ರಬ್ಬರು ಟ್ರ್ಯಾಕಿನ ಮೇಲೆ ತನ್ನ ಅಂಶವನ್ನು ಬಿಡುತ್ತದೆ, ಅದು ಸಿಲಿಕೋನಿಗೆ ಒಗ್ಗುವುದಿಲ್ಲ. ಹಾಗಾಗಿ ಇವೆರಡನ್ನೂ ಒಂದೇ ದಿನ ಓಡಿಸುವುದಿಲ್ಲ.

ಅಯಸ್ಕಾಂತವಿದ್ದ ಜಾಗಕ್ಕೆ ಸೀಸದ ತೆಳು ಹಾಳೆಯನ್ನು ಆದಷ್ಟು ತಗ್ಗಿನಲ್ಲಿ ಅಂಟಿಸಿದ್ದೇನೆ (ಸೀಸ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು). ಚಕ್ರಗಳ ಅಚ್ಚಿಗೆ (ಆಕ್ಸಲ್) ಹಾಕುವ ಎಣ್ಣೆ ಸೂಜಿಮೊನೆಯಷ್ಟಿದ್ದರೆ ಸಾಕು, ಹೆಚ್ಚಾದರೆ ಅದು ಟೈರಿಗೆ ಹರಿಯುತ್ತದೆ. ಆಟದ ನಡುವೆ ಹಿಡಿತ ಕಡಿಮೆಯಾಯಿತೆನಿಸಿದಾಗ ಪ್ಯಾಕಿಂಗ್ ಟೇಪಿನ ಅಂಟುಬದಿಯ ಮೇಲೆ ಹಿಂಚಕ್ರಗಳನ್ನು ಉರುಳಿಸಿದರೆ ಬೂದಿಯೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತದೆ. ಕಾರುಗಳನ್ನು ಎತ್ತಿಡುವಾಗ ಹಿಂಚಕ್ರಗಳು ನೆಲಕ್ಕೆ ತಾಗದಂತೆ ತಳಕ್ಕೆ ಮರದ ತುಂಡೊಂದನ್ನು ಕೊಡುತ್ತೇನೆ, ಏಕೆಂದರೆ ವಾರಗಟ್ಟಲೆ ಒಂದೇ ಕಡೆ ಭಾರ ಬಿದ್ದರೆ ಉಜ್ಜಿ ದುಂಡಗೆ ಮಾಡಿದ ಟೈರು ಅಲ್ಲಿ ಚಪ್ಪಟೆಯಾಗುತ್ತದೆ.