ಮಗುವಿಗೆ ನೀರು ಹಾಕುವ ಹೊತ್ತಲ್ಲಿ ಹತ್ತು ಪ್ರಶ್ನೆ

ನಾನು ಹಳ್ಳಿಯ ಉಪಕೇಂದ್ರದಲ್ಲಿ ನರ್ಸ್. ಬಾಣಂತಿ ಮನೆಗೆ ಹೋದರೆ ಮೊದಲೆಲ್ಲ ಮಗುವಿನ ತೂಕ, ಹೊಕ್ಕುಳು, ತಾಯಿಯ ಜ್ವರ, ರಕ್ತಸ್ರಾವ ನೋಡುತ್ತಿದ್ದೆ. ಏಳುವಾಗ "ಆರಾಮಿದ್ದೀಯೇನಮ್ಮಾ?" ಅಂತ ಕೇಳುತ್ತಿದ್ದೆ. "ಹ್ಞೂಂ ಸಿಸ್ಟರ್" ಅನ್ನುತ್ತಿದ್ದರು. ಪಕ್ಕದಲ್ಲಿ ಅತ್ತೆ ಕೂತಿರುವಾಗ ಇನ್ನೇನು ಹೇಳಿಯಾರು?

ಆಮೇಲೆ ಬಾಣಂತಿಗೆ ಖಿನ್ನತೆ ಇರಬಹುದಾ ಅಂತ ಪತ್ತೆಹಚ್ಚುವ ಎಡಿನ್‌ಬರ್ಗ್ ಪ್ರಶ್ನಾವಳಿ ಕಲಿತೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಹಿಂದಿನ 7 ದಿನ ಮನಸ್ಸು ಹೇಗಿತ್ತು ಅನ್ನುವ 10 ಪ್ರಶ್ನೆ. ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 30. ಅಂಕ ಹಾಕುವಾಗ ಹುಷಾರಾಗಿರಬೇಕು: 1, 2, 4ನೇ ಪ್ರಶ್ನೆಯಲ್ಲಿ ಮೊದಲ ಉತ್ತರಕ್ಕೆ 0, ಉಳಿದ ಏಳರಲ್ಲಿ ಮೊದಲ ಉತ್ತರಕ್ಕೆ 3. ಶುರುವಿನಲ್ಲಿ ನಾನೇ ಇದನ್ನು ತಿರುಗುಮುರುಗು ಮಾಡಿದ್ದೆ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ. 10ರಿಂದ 12 ಇದ್ದರೆ ಎರಡು ವಾರ ಬಿಟ್ಟು ಮತ್ತೆ ಕೇಳುತ್ತೇನೆ. ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ಡಾಕ್ಟರು, ಈ ಅಂಕ ಅಲ್ಲ.

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ನೆ ಅಳು ಬರುವುದು ಬಹಳ ಜನಕ್ಕೆ ಇರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಅದಕ್ಕೇ ನಾನು 42ನೇ ದಿನದ ಭೇಟಿಗೆ ಕಾಯುತ್ತೇನೆ. ಮೊದಲೇ ಖಿನ್ನತೆ ಇದ್ದವಳು, ಗಂಡ ಹೊಡೆಯುವ ಮನೆ, ಮಗು ಐಸಿಯುನಲ್ಲಿದ್ದು ಬಂದದ್ದು, ಹೆಣ್ಣಾಯಿತೆಂಬ ಕೊಂಕು ಮಾತು: ಇಂಥ ಕಡೆ ಮಾತ್ರ ಇನ್ನೂ ಮುಂಚೆಯೇ ಕೇಳುತ್ತೇನೆ.

ಎರಡನೇ ಹೆಣ್ಣು ಹೆತ್ತಿದ್ದ ಒಬ್ಬಳು ಅತ್ತೆಯ ಎದುರಿಗೆ ತೊಂದರೆ ಕೇಳಿದ ಹೆಚ್ಚಿನ ಪ್ರಶ್ನೆಗೆಲ್ಲ "ಇಲ್ಲ" ಅಂದಳು. ಅಂಕ 4. ಆದರೆ ಮಗು ಅತ್ತರೂ ಅವಳು ಅತ್ತ ತಿರುಗಲಿಲ್ಲ. ರವಿಕೆ ಮೇಲೆ ಹಾಲು ಒಣಗಿ ಕರೆಗಟ್ಟಿತ್ತು. ಮಾರನೇ ದಿನ ಮಗುವಿಗೆ ನೀರು ಹಾಕುವ ಹೊತ್ತಿಗೇ ಹೋದೆ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಿದ್ದರು, ನಾದಿನಿ ಬಿಸಿನೀರು ಹೊಯ್ಯುತ್ತಿದ್ದಳು. ಆಮೇಲೆ ಸಾಂಬ್ರಾಣಿ ಹೊಗೆ ಬೇರೆ. ಕೋಣೆಯಲ್ಲಿ ನಮಗೆ ಇಪ್ಪತ್ತು ನಿಮಿಷ ಸಿಕ್ಕಿತು.

"ಮಗು ಮಲಗಿದಾಗಲಾದರೂ ನಿದ್ದೆ ಬರುತ್ತಾ?" ಅಂತ ಕೇಳಿದೆ. ನಿದ್ದೆ ಕೆಟ್ಟಿದೆಯಾ ಅಂತಷ್ಟೇ ಕೇಳಿದರೆ ಪ್ರಯೋಜನವಿಲ್ಲ, ಯಾವ ಬಾಣಂತಿಗೆ ಕೆಟ್ಟಿರಲ್ಲ? "ಇಲ್ಲ ಅಕ್ಕಾ, ಜಂತಿ ನೋಡ್ಕೊಂಡು ಬಿದ್ದಿರ್ತೀನಿ" ಅಂದಳು. ಸಿಸ್ಟರ್ ಹೋಗಿ ಅಕ್ಕ ಆದೆ. ಅಂಕ 17 ಬಂತು. ಹತ್ತನೆಯದು, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅನ್ನುವುದು. ಕೇಳಲು ನಾಲಿಗೆ ಏಳುವುದಿಲ್ಲ, ಆದರೂ ಬಿಡಬಾರದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಅವಳು ಹೌದು ಅಂತ ತಲೆಯಾಡಿಸಿದಳು. ಒಟ್ಟು ಎಷ್ಟೇ ಇರಲಿ, ಈ ಒಂದಕ್ಕೆ ಸೊನ್ನೆ ಬಿಟ್ಟು ಬೇರೆ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಹೊರಡುವವರೆಗೂ ಅವಳನ್ನು ಒಂಟಿಯಾಗಿ ಬಿಡಲಿಲ್ಲ.

ಅತ್ತೆಗೆ "ಮನಸ್ಸಿನ ಕಾಯಿಲೆ" ಅನ್ನಲಿಲ್ಲ. "ಬಾಣಂತನದಲ್ಲಿ ಮೈ ಸೋತ ಹಾಗೆ ಮನಸ್ಸೂ ಸೋಲುತ್ತಮ್ಮ, ಔಷಧಿ ಇದೆ" ಅಂದೆ. ಅವರೇ ಮಗುವನ್ನು ಸುತ್ತಿಕೊಂಡು ಜೊತೆಗೆ ಬಂದರು. ಡಾಕ್ಟರು ಎದೆಹಾಲು ಬಿಡಿಸದೆ ಕೊಡಬಹುದಾದ ಮಾತ್ರೆ ಬರೆದರು. ರಾತ್ರಿ ಹೊತ್ತಿಗೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಅನ್ನು ತಾಯಿ ಕಾರ್ಡಿನ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.

14ನೇ ವಾರದ ಲಸಿಕೆಗೆ ಬಂದಾಗ ಮತ್ತೆ ಕೇಳಿದೆ. ಅಂಕ 6. ಸೂಜಿ ಚುಚ್ಚಿದ್ದಕ್ಕೆ ಮಗು ಕಿರುಚಿತು. ನಾನು ಹತ್ತಿ ಎತ್ತುವ ಮೊದಲೇ ಅವಳು ಅದನ್ನು ಎದೆಗೆ ಅವಚಿಕೊಂಡಿದ್ದಳು.