ಏಕಪಕ್ಷೀಯ ಮೇಯರ್ ಚುನಾವಣೆಯ ಲೆಕ್ಕ ಓದುವ ಬಗೆ: ಶಿಕಾಗೊ, 1871

ಮೊದಲು ಮತಗಳನ್ನು ಕೂಡಿಸಿ. ಜೋಸೆಫ್ ಮೆಡಿಲ್ 16,125, ಚಾರ್ಲ್ಸ್ ಹೋಲ್ಡನ್ 5,988, ಒಟ್ಟು 22,113. ಮೆಡಿಲ್ ಪಾಲು ಶೇ. 72.9. ಅಂತರ 10,137, ಅಂದರೆ ಒಟ್ಟು ಮತಗಳ ಶೇ. 45.8. ಈ ಅಂತರವನ್ನು ಸೋತವರ ಮತದಿಂದ ಭಾಗಿಸಿದರೆ ಶೇ. 169 ಎಂಬ ತಲೆಬುಡವಿಲ್ಲದ ಅಂಕಿ ಸಿಗುತ್ತದೆ.

ಆಮೇಲೆ ದಿನಾಂಕ ನೋಡಿ. ಮತದಾನ ನವೆಂಬರ್ 7ಕ್ಕೆ. ಊರು ಹೊತ್ತಿ ಉರಿದದ್ದು ಅಕ್ಟೋಬರ್ 8ರಿಂದ 10ರವರೆಗೆ. ಮೆಡಿಲ್ ನಿಂತದ್ದು 'ಅಗ್ನಿನಿರೋಧಕ' ಎಂಬ ಹೆಸರಿನ ಅಭ್ಯರ್ಥಿಗಳ ಪಟ್ಟಿಯಲ್ಲಿ. ಅರ್ಧ ಪ್ರಚಾರ ಆ ಹೆಸರೇ ಮಾಡಿರಬೇಕು!

ಎಡವುವುದು ಮತದಾನ ಪ್ರಮಾಣ ತೆಗೆಯುವಾಗ. 1870ರ ಜನಗಣತಿಯ 2,98,977ರಿಂದ ಭಾಗಿಸಬೇಡಿ: ಅದರಲ್ಲಿ ಮತದ ಹಕ್ಕಿಲ್ಲದ ಹೆಂಗಸರು, ಮಕ್ಕಳೂ ಸೇರಿದ್ದಾರೆ, ಬೆಂಕಿಗೆ ಮನೆ ಕಳೆದುಕೊಂಡವರೇ ಸುಮಾರು ಒಂದು ಲಕ್ಷ. ಮತದಾರರ ದಾಖಲೆಗಳೂ ಸುಟ್ಟುಹೋಗಿದ್ದರಿಂದ ಎರಡೆರಡು ಸಲ ಮತ ಹಾಕಿದವರನ್ನು ಹಿಡಿಯುವ ದಾರಿ ಇರಲಿಲ್ಲ. ಹಾಗಾಗಿ ಪ್ರಮಾಣದ ಕಾಲಂ ಖಾಲಿ ಬಿಡಿ.