ಪುಟ್ಟ ಪಾದಕ್ಕೆ ಮುಳ್ಳು ಚುಚ್ಚಿದಾಗ

ಎರಡು ವರ್ಷದ ಮಗು ಅಂಗಳದಿಂದ ಕುಂಟುತ್ತಾ ಬರುತ್ತದೆ. ಎಲ್ಲಿ ನೋವು ಎಂದು ಹೇಳಲು ಬಾರದು. ಹಿಮ್ಮಡಿ ಊರದೆ ಬೆರಳ ತುದಿಯಲ್ಲೇ ನಡೆಯುತ್ತದೆ. ಮುಂದಿನದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಒಬ್ಬರು ಕೈ ಹಿಡಿಯುತ್ತಾರೆ, ಒಬ್ಬರು ಮೊಣಕಾಲು ಅದುಮುತ್ತಾರೆ, ಮೂರನೆಯವರು ಎರಡೂ ಹೆಬ್ಬೆರಳಿನಿಂದ ಮುಳ್ಳಿನ ಸುತ್ತ ಹಿಸುಕುತ್ತಾರೆ. ಮುಳ್ಳು ಒಳಗೇ ಮುರಿಯುತ್ತದೆ. ಆಮೇಲೆ ವಾರಗಟ್ಟಲೆ ಆ ಮಗು ಯಾರಿಗೂ ಪಾದ ಮುಟ್ಟಗೊಡುವುದಿಲ್ಲ.

ಮೊದಲು ನಿಮ್ಮ ಕೈ, ನಂತರ ಮಗುವಿನ ಪಾದವನ್ನು ಸೋಪು ಹಚ್ಚಿ ತೊಳೆದು ಒರೆಸಿ. ಮುಳ್ಳು ಮೆತ್ತಗಾಗಲೆಂದು ಬಿಸಿನೀರಿನಲ್ಲಿ ಕಾಲು ನೆನೆಸಬೇಡಿ. ಮರದ ಅಥವಾ ಬಿದಿರಿನ ಸಿಬಿರು ನೀರು ಕುಡಿದು ಉಬ್ಬುತ್ತದೆ, ಚಿಮುಟ ತಾಗಿದೊಡನೆ ಚೂರಾಗುತ್ತದೆ.

ಬೇಕಾಗುವುದು ಚೂಪು ತುದಿಯ ಉಕ್ಕಿನ ಚಿಮುಟ ಮತ್ತು ಒಂದು ಹೊಲಿಗೆ ಸೂಜಿ. ಅಗ್ಗದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಚಿಮುಟವನ್ನು ಎಸೆದುಬಿಡಿ. ಅದರ ಮೊಂಡು ತುದಿಗೆ ಮುಳ್ಳು ಸಿಗುವುದಿಲ್ಲ, ಚರ್ಮ ಸಿಗುತ್ತದೆ. ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ. ಬೆಂಕಿಗೆ ಹಿಡಿದರೆ ಮಸಿ ಅಂಟಿ ಗಾಯದೊಳಗೆ ಹೋಗುತ್ತದೆ.

ಮಗುವನ್ನು ಅಮ್ಮನ ಮಡಿಲಲ್ಲಿ, ಕಿಟಕಿಯ ಬೆಳಕಿನಲ್ಲಿ ಕೂರಿಸಿ. ಹಾಲು ಕುಡಿಯುವ ಮಗುವಾದರೆ ಆಗಲೇ ಎದೆಗೆ ಹಾಕಿಕೊಳ್ಳಿ. ನೋವು ಮರೆಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನಿದ್ದೆಯಲ್ಲಿರುವಾಗ ತೆಗೆಯಿರಿ ಎನ್ನುವ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೂಜಿ ತಾಗಿದೊಡನೆ ಮಗು ಬೆಚ್ಚಿ ಕಾಲು ಝಾಡಿಸುತ್ತದೆ.

ಇನ್ನು ಮುಖ್ಯವಾದ ಹಂತ, ಎಲ್ಲರೂ ಅವಸರಪಡುವ ಹಂತ. ಏನನ್ನೂ ಮುಟ್ಟದೆ ಒಂದು ನಿಮಿಷ ಸುಮ್ಮನೆ ನೋಡಿ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಹಿಡಿದರೆ ಚರ್ಮದಡಿಯಲ್ಲಿ ಕಪ್ಪು ಗೆರೆಯೊಂದು ಕಾಣುತ್ತದೆ. ಅದರ ಒಂದು ತುದಿಯಲ್ಲಿ ಸಣ್ಣ ಚುಕ್ಕೆ ಇರುತ್ತದೆ. ಅದೇ ಮುಳ್ಳು ಹೊಕ್ಕ ಬಾಗಿಲು. ಹೋದ ದಾರಿಯಲ್ಲೇ ಅದು ಹಿಂದೆ ಬರಬೇಕು. ಓರೆಯಾಗಿ ಹೊಕ್ಕಿದ್ದನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಮುರಿಯದೆ ಇನ್ನೇನಾದೀತು?

ತುದಿ ಹೊರಗೆ ಕಾಣುತ್ತಿದ್ದರೆ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ಅದೇ ಓರೆಯಲ್ಲಿ ನಿಧಾನವಾಗಿ ಎಳೆಯಿರಿ. ಕಾಣದಿದ್ದರೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದೆರಡು ನಿಮಿಷ ಇಟ್ಟು, ಸೂಜಿಯನ್ನು ಪಾದಕ್ಕೆ ಬಹುತೇಕ ಸಮಾನಾಂತರವಾಗಿ ಮಲಗಿಸಿ, ಚುಕ್ಕೆಯ ಮೇಲಿನ ತೆಳು ಪದರವನ್ನಷ್ಟೇ ಮೆಲ್ಲಗೆ ಎತ್ತಿ ಬಿಡಿಸಿ. ಅದು ಸತ್ತ ಚರ್ಮ. ಬಿಡಿಸಿದರೆ ನೋವಾಗದು, ರಕ್ತವೂ ಬಾರದು. ರಕ್ತ ಕಂಡರೆ ನೀವು ಆಳಕ್ಕೆ ಹೋಗಿದ್ದೀರಿ, ನಿಲ್ಲಿಸಿ. ಪದರ ಬಿಡಿಸಿಕೊಂಡಾಗ ಮುಳ್ಳಿನ ಬುಡ ಕಾಣುತ್ತದೆ. ಸೂಜಿಯಿಂದ ಅದನ್ನು ತುಸು ಎಬ್ಬಿಸಿ ಚಿಮುಟದಲ್ಲಿ ಹಿಡಿಯಿರಿ. ಹತ್ತು ನಿಮಿಷದಲ್ಲಿ ಬಾರದಿದ್ದರೆ ಕೈಬಿಟ್ಟು ವೈದ್ಯರ ಬಳಿಗೆ ಹೋಗಿ. ಗಾಜಿನ ಚೂರು, ಉಗುರಿನಡಿಯ ಸಿಬಿರು, ಆಳಕ್ಕೆ ಹೊಕ್ಕ ಜಾಲಿ ಮುಳ್ಳು ಇದ್ದರೆ ಮನೆಯಲ್ಲಿ ಪ್ರಯತ್ನವನ್ನೇ ಮಾಡಬೇಡಿ. ಈಚಲ ಮುಳ್ಳು ಕೀಲಿನ ಹತ್ತಿರ ಚುಚ್ಚಿದ್ದರೂ ಅಷ್ಟೇ. ಒಳಗುಳಿದ ಚೂರಿನಿಂದ ಕೆಲವು ವಾರಗಳ ನಂತರವೂ ಕೀಲು ಊದಿಕೊಳ್ಳಬಹುದು.

ಮುಳ್ಳು ತಾನಾಗಿ ಹೊರಬರಲೆಂದು ಎಕ್ಕದ ಹಾಲು ಹಚ್ಚುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ಬೇಡ. ಮಗು ಪಾದ ಮುಟ್ಟಿದ ಬೆರಳಿನಿಂದಲೇ ಕಣ್ಣುಜ್ಜಿಕೊಳ್ಳುತ್ತದೆ, ಆ ಹಾಲು ಕಣ್ಣಿನ ಪಾರದರ್ಶಕ ಪಟಲವನ್ನು ಕೆಡಿಸುತ್ತದೆ. ಸುಣ್ಣ-ಬೆಲ್ಲವೂ ಎಳೆಯ ಚರ್ಮವನ್ನು ಸುಡುತ್ತದೆ. ಗಟ್ಟಿಯಾದ ಜಾಗವನ್ನು ಆಣಿಯೆಂದು ತಿಳಿದು ಅಂಗಡಿಯ ಆಣಿ ಪಟ್ಟಿ ಅಂಟಿಸುವುದಂತೂ ಇನ್ನೂ ಅಪಾಯ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ದೊಡ್ಡವರ ದಪ್ಪ ಚರ್ಮಕ್ಕಾಗಿ ಇರುವುದು.

ಮುಳ್ಳು ಬಂದ ಮೇಲೆ ಮತ್ತೊಮ್ಮೆ ತೊಳೆದು ಒಣಗಿಸಿ. ಅಂಟುಪಟ್ಟಿ ಹಾಕಿದರೆ ಮೇಲೊಂದು ಕಾಲುಚೀಲ ಇರಲಿ, ಇಲ್ಲದಿದ್ದರೆ ಮಗು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಕೀವು, ಹರಡುವ ಕೆಂಪು, ಜ್ವರ ಕಂಡರೆ, ಅಥವಾ ಮಾರನೆಯ ದಿನವೂ ಕಾಲೂರದಿದ್ದರೆ ವೈದ್ಯರಿಗೆ ತೋರಿಸಿ.

ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ತಾಯಿ ಕಾರ್ಡ್ ತೆಗೆದು ನೋಡಿ. 6, 10, 14ನೇ ವಾರದ ಪೆಂಟಾವಲೆಂಟ್ ಮತ್ತು 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್ (ಎರಡೂ ಧನುರ್ವಾಯುವನ್ನೂ ತಡೆಯುವ ಲಸಿಕೆಗಳೇ) ಆಗಿದ್ದರೆ ಸಣ್ಣ ಮುಳ್ಳಿಗೆ ಬೇರೆ ಚುಚ್ಚುಮದ್ದು ಸಾಮಾನ್ಯವಾಗಿ ಬೇಕಿಲ್ಲ. ಯಾವುದಾದರೂ ತಪ್ಪಿದ್ದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕೊನೆಗೆ ಚಪ್ಪಲಿ ನೋಡಿ. ನನ್ನ ತಂಗಿಯ ಮಗ ಮುಳ್ಳು ತೆಗೆದ ಮೂರನೆಯ ದಿನ ಮತ್ತೆ ಕುಂಟತೊಡಗಿದ. ಹಿಮ್ಮಡಿ ಶುಭ್ರವಾಗಿತ್ತು. ರಬ್ಬರ್ ಚಪ್ಪಲಿಯ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ, ಸಾಸಿವೆಯಷ್ಟು ಜಾಲಿ ಮುಳ್ಳಿನ ತುದಿ ಮೇಲೆ ಇಣುಕಿತು. ಕೈ ತೆಗೆದರೆ ಮತ್ತೆ ಒಳಗೆ ಅಡಗಿತು.